ಎರಡು ಗಾಳಿಗಳ ನಡುವೆ ಕಾರವಾರಕ್ಕೆ

ಪಣಜಿಯಿಂದ ಕಾರವಾರಕ್ಕೆ ಬಸ್ಸಿನಲ್ಲಿ ಹೋದರೆ ಹೆಚ್ಚುಕಡಿಮೆ ಮೂರು ಗಂಟೆ. ಹಾಯಿದೋಣಿಯಲ್ಲಿ ಹೋದರೆ ಬೆಳಗಿನ ಜಾವದಿಂದ ಸಂಜೆಯವರೆಗೆ ಪೂರ್ತಿ ಒಂದು ಹಗಲು ಬೇಕು. ಕಡಲ ದಾರಿ ಸುಮಾರು 45 ನಾಟಿಕಲ್ ಮೈಲಿ, ಅಂದರೆ 80 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಗಾಳಿ ಚೆನ್ನಾಗಿದ್ದರೆ ನಾವು ಹೋದಂಥ ದೋಣಿ ಗಂಟೆಗೆ ಐದಾರು ಮೈಲಿ ಸಾಗುತ್ತದೆ. ಗಾಳಿ ಇಲ್ಲದಿದ್ದರೆ ಇಲ್ಲ.

ನಾನು ಹೊನ್ನಾವರದ ಕಡೆಯವಳು. ಹುಟ್ಟಿದಾಗಿನಿಂದ ಕಡಲು ನೋಡಿಕೊಂಡೇ ಬೆಳೆದಿದ್ದೇನೆ. ಆದರೂ ನಮ್ಮ ಬಂದರುಗಳು ಯಾಕೆ ಅಲ್ಲಲ್ಲೇ ಇವೆ, ಕೋಟೆಗಳನ್ನು ಯಾಕೆ ಆಯಾ ಗುಡ್ಡದ ಮೇಲೆಯೇ ಕಟ್ಟಿದರು ಅನ್ನುವುದು ನನಗೆ ಸರಿಯಾಗಿ ಹೊಳೆದದ್ದು ನೀರಿನ ಕಡೆಯಿಂದ ದಂಡೆಯನ್ನು ನೋಡಿದ ಮೇಲೆಯೇ. ರಸ್ತೆಯಲ್ಲಿ ಹೋಗುವಾಗ ಕರಾವಳಿ ಅಂದರೆ ಸೇತುವೆ, ಪೇಟೆ, ಮತ್ತೆ ಸೇತುವೆ. ಸೇತುವೆಯ ಮೇಲಿಂದ ಅರ್ಧ ನಿಮಿಷ ಹೊಳೆ ಕಾಣುತ್ತದೆ, ಅಷ್ಟೇ. ಕಡಲಿನಿಂದ ನೋಡಿದರೆ ಆ ಹೊಳೆಗಳೇ ಬಾಗಿಲುಗಳು, ಉಳಿದದ್ದೆಲ್ಲ ಗೋಡೆ. ಆ ಒಂದು ಹಗಲಿನ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯಬೇಕು ಅನಿಸಿದೆ.

ದೋಣಿ 34 ಅಡಿಯದು. ಫೈಬರ್ ಮೈ, ಒಂದು ಹಾಯಿಕಂಬ, ಎರಡು ಹಾಯಿ. ಹಿಂದಿನದು ಮೇನ್‌ಸೇಲ್, ಮುಂದಿನದು ಜೆನೋವಾ. ಒಳಗೆ ನಾಲ್ಕು ಜನ ಮಲಗಬಹುದು. ಒಂದು ಗ್ಯಾಸ್ ಒಲೆ ಇದೆ, ನಕ್ಷೆ ಹರಡುವಷ್ಟು ಮೇಜಿದೆ. ಅಡಿಯಲ್ಲಿ ಭಾರ ತುಂಬಿದ ಕೀಲ್ ಒಂದೂವರೆ ಮೀಟರ್ ನೀರಿನೊಳಗೆ ಇಳಿದಿರುತ್ತದೆ. ಹಾಗಾಗಿ ಗಾಳಿಗೆ ಎಷ್ಟು ವಾಲಿದರೂ ಮತ್ತೆ ಎದ್ದು ನಿಲ್ಲುತ್ತದೆ. ದೋಣಿಯ ಯಜಮಾನರು ಗೋವಾದವರು, ಸರಕು ಹಡಗುಗಳಲ್ಲಿ ದುಡಿದು ನಿವೃತ್ತರಾದವರು. ನಾವು ಅವರನ್ನು ಕ್ಯಾಪ್ಟನ್ ಅಂತಲೇ ಕರೆಯುತ್ತೇವೆ. ಅವರು ನನ್ನನ್ನು ಕೊಂಕಣಿಯಲ್ಲಿ ‘ಬಾಯ್’, ಅಂದರೆ ಹುಡುಗಿ, ಅನ್ನುತ್ತಾರೆ. ಮೂರನೆಯವನು ಕುಮಟಾದ ನನ್ನ ಗೆಳೆಯ. ಹಗ್ಗದ ಗಂಟುಗಳಲ್ಲಿ ಅವನನ್ನು ಮೀರಿಸುವವರಿಲ್ಲ.

ಈ ಕರಾವಳಿಯಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ದಿನಕ್ಕೆ ಎರಡು ಗಾಳಿ. ರಾತ್ರಿ ನೆಲ ಬೇಗ ತಣಿಯುತ್ತದೆ, ನೀರು ಅಷ್ಟು ಬೇಗ ತಣಿಯುವುದಿಲ್ಲ. ಘಟ್ಟದ ತಂಪು ಗಾಳಿ ಹೊಳೆಗಳ ಕಣಿವೆ ಹಿಡಿದು ಇಳಿಯುತ್ತದೆ, ನಡುರಾತ್ರಿ ಕಳೆದ ಮೇಲೆ ದಂಡೆ ದಾಟಿ ಸಮುದ್ರಕ್ಕೆ ಹೋಗುತ್ತದೆ. ಇದು ಮೂಡುಗಾಳಿ. ಬಿಸಿಲೇರಿದಂತೆ ಇದರ ಕಸುವು ಇಳಿದು ಹತ್ತು ಹನ್ನೊಂದರ ಹೊತ್ತಿಗೆ ನಿಂತೇ ಹೋಗುತ್ತದೆ. ಆಮೇಲೆ ನೆಲ ಕಾದು ಅದರ ಮೇಲಿನ ಗಾಳಿ ಮೇಲೇಳುತ್ತದೆ. ಆ ಜಾಗ ತುಂಬಲು ಕಡಲ ಕಡೆಯಿಂದ ಗಾಳಿ ಬರುತ್ತದೆ. ಮಧ್ಯಾಹ್ನ ಪಶ್ಚಿಮದಿಂದ ಶುರುವಾಗಿ ನಿಧಾನಕ್ಕೆ ವಾಯವ್ಯಕ್ಕೆ ತಿರುಗುತ್ತದೆ. ಮೂರು ನಾಲ್ಕು ಗಂಟೆಗೆ ಜೋರಾಗಿರುತ್ತದೆ, ಸೂರ್ಯ ಮುಳುಗಿದ ಮೇಲೆ ಬಿಡುತ್ತದೆ. ಶಾಲೆಯಲ್ಲಿ ನೆಲಗಾಳಿ, ಕಡಲಗಾಳಿ ಅಂತ ಬಾಣದ ಗುರುತು ಹಾಕಿ ಚಿತ್ರ ಬರೆದಿದ್ದೇವೆ ಅಲ್ವಾ, ಅದೇ. ಎಂಜಿನ್ ಬರುವ ಮುಂಚೆ ನಮ್ಮ ಕಡೆಯ ಮೀನುಗಾರರ ದಿನಚರಿಯೆಲ್ಲ ಆ ಚಿತ್ರದ ಮೇಲೆಯೇ ನಿಂತಿತ್ತು. ಜಾವದ ಮೂಡುಗಾಳಿಗೆ ಹಾಯಿ ಬಿಚ್ಚಿ ಹೊರಗೆ ಹೋಗುವುದು, ಮಧ್ಯಾಹ್ನದ ಗಾಳಿಗೆ ಮೀನು ತುಂಬಿಕೊಂಡು ಮನೆಗೆ ಬರುವುದು. ದಂಡೆಯುದ್ದಕ್ಕೆ ಸರಕು ಸಾಗಿಸುತ್ತಿದ್ದ ಮಚವೆ, ಮಂಜಿ, ಪತ್ತೇಮಾರಿ ಹಾಯಿಹಡಗುಗಳ ತಾಂಡೇಲರಿಗೂ, ಅಂದರೆ ನಾಯಕರಿಗೂ, ಇದೇ ಗಡಿಯಾರ.

ನಾವು ಹೊರಟದ್ದು ಜನವರಿಯಲ್ಲಿ, ಪುಷ್ಯ ಹುಣ್ಣಿಮೆ ಕಳೆದು ಎರಡು ಮೂರು ದಿನವಾಗಿತ್ತು. ಆ ದಿನಗಳಲ್ಲಿ ಇಲ್ಲಿ ನಡುರಾತ್ರಿ ಕಳೆದು ಉಬ್ಬರ ತುಂಬುತ್ತದೆ, ಬೆಳಿಗ್ಗೆ ಏಳರ ಹೊತ್ತಿಗೆ ಇಳಿತ ಮುಗಿಯುತ್ತದೆ. ಐದಕ್ಕೆ ಲಂಗರು ಎತ್ತಿದರೆ ಹೊಳೆಯ ನೀರೇ ನಮ್ಮನ್ನು ಹೊರಗೆ ತಳ್ಳುತ್ತದೆ, ಬೆನ್ನಿಗೆ ಮೂಡುಗಾಳಿಯೂ ಇರುತ್ತದೆ. ಎರಡೂ ಒಂದೇ ಕಡೆ ಹೋಗುವಾಗ ಅಳಿವೆಯಲ್ಲಿ ಅಲೆ ಏಳುವುದಿಲ್ಲ. ಅದೇ ಮಧ್ಯಾಹ್ನ ಇಳಿತದ ನೀರು ಹೊರಗೆ ಹರಿಯುತ್ತಾ, ಕಡಲಗಾಳಿ ಒಳಗೆ ಬೀಸುತ್ತಾ ಇದ್ದರೆ ಮರಳುದಿಬ್ಬದ ಮೇಲೆ ನೀರು ಕುದಿಯುತ್ತದೆ. ಹೊರಡುವ ಹೊತ್ತನ್ನು ನಾವು ಆರಿಸುವುದಲ್ಲ. ಚಂದ್ರ, ಹೊಳೆ ಮತ್ತು ಘಟ್ಟದ ಚಳಿ ಸೇರಿ ಕೊಟ್ಟ ಹೊತ್ತಿಗೆ ನಾವು ಏಳಬೇಕು.

ಪಣಜಿಯ ಕ್ಯಾಸಿನೊ ಹಡಗುಗಳ ದೀಪಗಳು ಆ ಹೊತ್ತಿನಲ್ಲೂ ಉರಿಯುತ್ತಿದ್ದವು. ಅವುಗಳನ್ನು ದಾಟಿ ಬೆಳದಿಂಗಳಿಗೆ ಬಂದ ಮೇಲೆ ಕಣ್ಣು ಹೊಂದಿಕೊಳ್ಳಲು ಸುಮಾರು ಹೊತ್ತು ಬೇಕಾಯಿತು. ಮಾಂಡೋವಿ ಅಂದರೆ ನಮ್ಮ ಮಹದಾಯಿಯೇ. ಖಾನಾಪುರ ತಾಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟಿ ಇಲ್ಲಿ ಕಡಲು ಸೇರುತ್ತದೆ. ನಾವು ಸಂಜೆ ಮುಟ್ಟಬೇಕಾದ ಕಾಳಿಯೂ ಅದೇ ಘಟ್ಟಸಾಲಿನಲ್ಲಿ, ಜೋಯಿಡಾ ತಾಲೂಕಿನ ಡಿಗ್ಗಿಯ ಹತ್ತಿರ ಹುಟ್ಟುತ್ತದೆ. ಒಂದು ಹೊಳೆಯ ಬಾಯಿಂದ ಇನ್ನೊಂದು ಹೊಳೆಯ ಬಾಯಿಗೆ ಹೋಗುವುದು ನಮ್ಮ ಕೆಲಸ. ಪತ್ರಿಕೆಗಳಲ್ಲಿ ಮಹದಾಯಿ ಅಂದರೆ ಟಿಎಂಸಿ ಲೆಕ್ಕ, ಟ್ರಿಬ್ಯೂನಲ್, ಎರಡು ಸರ್ಕಾರಗಳ ಜಗಳ. ಬೆಳದಿಂಗಳಲ್ಲಿ ಅದರ ಇಳಿತದ ಮೇಲೆ ಸದ್ದಿಲ್ಲದೆ ಜಾರಿ ಹೋಗುವಾಗ ಆ ನೀರಿನ ಬಗ್ಗೆ ನನಗೆ ಬೇರೆಯದೇ ಪ್ರೀತಿ ಹುಟ್ಟಿತು.

ಬಲಗಡೆ ಅಗುವಾದ ಕೋಟೆ. 1612ರಲ್ಲಿ ಪೋರ್ಚುಗೀಸರು ಕಟ್ಟಿ ಮುಗಿಸಿದ್ದು. ಹಡಗುಗಳಿಗೆ ಸಿಹಿನೀರು ತುಂಬಿಕೊಡುತ್ತಿದ್ದ ಜಾಗವದು. ಕೋಟೆ ದಾಟಿದ ಮೇಲೆ ಎಂಜಿನ್ ನಿಲ್ಲಿಸಿದೆವು. ಗೆಳೆಯ ಹಗ್ಗ ಜಗ್ಗಿ ಮೇನ್‌ಸೇಲ್ ಏರಿಸಿದ, ನಾನು ಜೆನೋವಾ ಬಿಚ್ಚಿದೆ. ಮೂಡುಗಾಳಿ ಎಡಗಡೆಯಿಂದ ತುಂಬಿತು, ದೋಣಿ ಒಂಚೂರು ಬಲಕ್ಕೆ ವಾಲಿ ಹೊರಟೇ ಬಿಟ್ಟಿತು. ಎಂಜಿನ್ ಸದ್ದು ನಿಂತ ಆ ಗಳಿಗೆ ಇದೆಯಲ್ಲ, ನನಗೆ ಹಾಯಿದೋಣಿಯ ಹುಚ್ಚು ಹಿಡಿಸಿದ್ದು ಅದೇ.

ಮೂಡುಗಾಳಿಯ ಒಂದು ಗುಣ ಎಲ್ಲರಿಗೂ ಗೊತ್ತಿರುವುದಿಲ್ಲ. ಅದು ನೆಲದಿಂದ ಬರುವುದರಿಂದ ಅಲೆ ಏಳಿಸಲು ಅದಕ್ಕೆ ಜಾಗವೇ ಸಿಗುವುದಿಲ್ಲ. ದಂಡೆಗೆ ಎರಡು ಮೂರು ಮೈಲಿ ಹತ್ತಿರ ಇದ್ದರೆ ಗಾಳಿ ಒಳ್ಳೆಯದೇ ಇರುತ್ತದೆ, ನೀರು ಮಾತ್ರ ಮಟ್ಟಸ. ದೂರ ಹೋದಷ್ಟೂ ಗಾಳಿ ಸೊರಗುತ್ತದೆ. ಆದರೆ ಹತ್ತಿರ ಇದ್ದಷ್ಟೂ ಬಲೆಗಳು ಜಾಸ್ತಿ. ಪಶ್ಚಿಮ ಕರಾವಳಿಯ ಹಾಯಿದಾರರು ಹೊಯ್ದಾಡುವುದೆಲ್ಲ ಇದರ ನಡುವೆಯೇ. ಕ್ಯಾಪ್ಟನ್ ಎರಡೂವರೆ ಮೈಲಿ ಅಂತ ತೀರ್ಮಾನಿಸಿದರು. ಒಬ್ಬರು ಯಾವಾಗಲೂ ಮುಂದೆ ನಿಂತು ನೀರು ನೋಡಬೇಕು ಅಂತ ಕಟ್ಟುನಿಟ್ಟು ಮಾಡಿದರು.

ಬೆಳಕು ಹರಿಯುವಾಗ ನಾವು ಝುವಾರಿ ಅಳಿವೆಯ ಎದುರಿಗಿದ್ದೆವು. ಹಿಂದೆ ದೋನಾಪೌಲಾದ ಗುಡ್ಡ. ಅಲ್ಲಿ 1966ರಲ್ಲಿ ಶುರುವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯಿದೆ. ಚಳಿಗಾಲದಲ್ಲಿ ಈ ಕರಾವಳಿಯುದ್ದಕ್ಕೂ ನೀರು ನಿಧಾನಕ್ಕೆ ಬಡಗು ದಿಕ್ಕಿಗೆ ಹರಿಯುತ್ತದೆ, ಮಳೆಗಾಲದಲ್ಲಿ ತೆಂಕಿಗೆ ತಿರುಗುತ್ತದೆ. ನಾವು ತೆಂಕಿಗೆ ಹೊರಟವರು. ಅಂದರೆ ನೀರು ಇಡೀ ದಿನ ನಮಗೆ ಸ್ವಲ್ಪ ಎದುರು. ನೀರಿನ ಮೇಲೆ ದೋಣಿಯ ವೇಗ ಐದು ಅಂತ ಒಂದು ಪರದೆ ಹೇಳಿದರೆ, ಜಿಪಿಎಸ್ ನಾಲ್ಕೂ ಮುಕ್ಕಾಲು ಅನ್ನುತ್ತಿತ್ತು. ಆ ಕಾಲು ಮೈಲಿ ಹೋಗುತ್ತಿದ್ದದ್ದು ಅಲ್ಲಿಗೆ.

ಮೂಡಲಲ್ಲಿ ಸಹ್ಯಾದ್ರಿಯ ಸಾಲು ಕಪ್ಪಗೆ ಎದ್ದು ಅದರ ಹಿಂದೆ ಕೆಂಪು ಮೂಡಿತು. ಮುರಗಾಂವ್ ಬಂದರಿನ ಹೊರಗೆ ದೊಡ್ಡ ಸರಕು ಹಡಗುಗಳು ಲಂಗರು ಹಾಕಿ ಸರದಿ ಕಾಯುತ್ತಿದ್ದವು. ಆ ಹಡಗುಗಳ ಮಗ್ಗುಲಲ್ಲಿ ಹಾದುಹೋಗುವಾಗ ಅವು ನಮ್ಮ ಗಾಳಿಯನ್ನು ಒಂದು ನಿಮಿಷ ತಡೆದವು. ಹಾಯಿ ಸಡಿಲಾಗಿ ಪಟಪಟ ಅಂದು ಮತ್ತೆ ಬಿಗಿಯಿತು. ಝುವಾರಿಯ ದಂಡೆಯಲ್ಲೇ ಗೋವೆಯ ಕದಂಬರ ಗೋಪಕಪಟ್ಟಣ ಇತ್ತು. ಬನವಾಸಿಯ ಹೆಸರು ಹೊತ್ತ ಮನೆತನ, ಘಟ್ಟ ಇಳಿದು ಬಂದು ಇಲ್ಲಿ ಹಡಗುಗಳ ಒಡೆಯರಾದರು. ಕದಂಬರು ಅಂದರೆ ನಮಗೆ ಮಯೂರವರ್ಮ, ಹಲ್ಮಿಡಿ ಶಾಸನ ನೆನಪಾಗುತ್ತದೆ. ಅವರ ಹೆಸರಿನ ಒಂದು ಕವಲು ಕಡಲಾಳಿತ್ತು ಅನ್ನುವುದನ್ನು ನಾವು ಮಕ್ಕಳಿಗೆ ಯಾಕೆ ಹೇಳುವುದಿಲ್ಲವೋ ನನಗೆ ತಿಳಿಯದು.

ಗ್ರಾಂಡೆ ದ್ವೀಪ ದಾಟುವ ಹೊತ್ತಿಗೆ ಚಹಾ ಆಯಿತು. ಗೋವಾದ ಪೋಯಿ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು. ಮನೆಯಿಂದ ತಂದ ಮುರುಗಲು ಪಾನಕದ ಬಾಟಲಿಯನ್ನು ಮಧ್ಯಾಹ್ನಕ್ಕೆ ಅಂತ ಎತ್ತಿಟ್ಟೆವು. ಕಡಲಿನಲ್ಲಿ ಹೊಟ್ಟೆ ತೊಳಸುವವರಿಗೆ ನಾನು ಹೇಳುವುದು ಇಷ್ಟೇ: ಖಾಲಿ ಹೊಟ್ಟೆಯಲ್ಲಿ ಇರಬೇಡಿ, ಕೆಳಗಿನ ಕೋಣೆಗೆ ಇಳಿಯಬೇಡಿ, ಶುಂಠಿ ಚೂರು ಬಾಯಲ್ಲಿರಲಿ, ದಿಗಂತ ನೋಡಿ. ಚುಕ್ಕಾಣಿ ಕೈಗೆ ಕೊಟ್ಟರೆ ಇನ್ನೂ ಬೇಗ ಸರಿಹೋಗುತ್ತದೆ.

ಚುಕ್ಕಾಣಿ ಹಿಡಿಯುವುದರ ಬಗ್ಗೆ ಸ್ವಲ್ಪ ಹೇಳಬೇಕು. ಜೆನೋವಾ ಹಾಯಿಯ ಮುಂದಿನ ಅಂಚಿಗೆ ಗೇಣುದ್ದದ ಉಣ್ಣೆ ನೂಲು ಅಂಟಿಸಿರುತ್ತಾರೆ. ಹಾಯಿಯ ಈಚೆಗೊಂದು, ಆಚೆಗೊಂದು. ಗಾಳಿ ಎರಡೂ ಮೈಗೆ ಸಮನಾಗಿ ಹರಿಯುತ್ತಿದ್ದರೆ ಎರಡೂ ನೂಲು ನೇರ ಹಿಂದಕ್ಕೆ ಚಾಚಿಕೊಂಡಿರುತ್ತವೆ. ಗಾಳಿ ಬೀಳುವ ಕಡೆಯ ನೂಲು ಮೇಲೆದ್ದು ಕುಣಿದರೆ ದೋಣಿಯ ಮೂತಿ ಗಾಳಿಗೆ ಜಾಸ್ತಿ ತಿರುಗಿದೆ ಅಂತ. ಆಚೆಯ ನೂಲು ಜೋತುಬಿದ್ದರೆ ಹಾಯಿಯನ್ನು ಅತಿಯಾಗಿ ಎಳೆದು ಕಟ್ಟಿದ್ದೀರಿ ಅಂತ. ಬಿಸಿಲು ಹಾಯಿಯ ಮೇಲೆ ಬಿದ್ದಾಗ ಆಚೆ ಮಗ್ಗುಲಿನ ನೂಲಿನ ನೆರಳು ಬಟ್ಟೆಯಲ್ಲಿ ಕಾಣುತ್ತದೆ. ಆ ಎರಡು ನೂಲುಗಳನ್ನು ನೋಡುತ್ತಾ, ಚುಕ್ಕಾಣಿಯ ಕೋಲನ್ನು ಒಂದು ಬೆರಳಷ್ಟು ಆಚೆ ಈಚೆ ಮಾಡುತ್ತಾ ಕೂತರೆ ಗಂಟೆಗಟ್ಟಲೆ ಬೇಸರವಾಗುವುದಿಲ್ಲ. ಮನಸ್ಸಿನಲ್ಲಿ ಬೇರೆ ಏನೂ ಇರುವುದಿಲ್ಲ. ಆಫೀಸಿನ ಫೋನು ಸಹ ದಂಡೆಯಿಂದ ದೂರವಾದಂತೆ ತಾನೇ ಸುಮ್ಮನಾಗುತ್ತದೆ.

ವೆಲ್ಸಾಂವ್‌ನಿಂದ ಬೇತುಲ್‌ವರೆಗೆ ದಕ್ಷಿಣ ಗೋವಾದ ಉದ್ದನೆಯ ಮರಳದಂಡೆ. ಪ್ರವಾಸಿಗರಿಗೆ ಇದು ಸ್ವರ್ಗ. ಹಾಯಿದೋಣಿಗೆ ಇಲ್ಲಿ ಆಸರೆಯೇ ಇಲ್ಲ. ಇಪ್ಪತ್ತು ಕಿಲೋಮೀಟರಿಗಿಂತ ಜಾಸ್ತಿ ದೂರ ಒಂದು ಮೂಲೆಯಿಲ್ಲ, ಒಂದು ಕಲ್ಲಿಲ್ಲ. ಈ ದಂಡೆಯಲ್ಲಿ ಹಳೆಯ ಕೋಟೆಗಳು ಯಾಕಿಲ್ಲ ಅಂತ ಯೋಚಿಸಿದರೆ ಉತ್ತರ ಇಲ್ಲೇ ಸಿಗುತ್ತದೆ. ಹಡಗು ನಿಲ್ಲದ ಕಡೆ ಕಾಯಲು ಏನಿರುತ್ತದೆ?

ಬೇತುಲ್ ಹತ್ತಿರ, ಹತ್ತೂವರೆಗೆ ಮೂಡುಗಾಳಿ ಬಿಟ್ಟಿತು. ಮೊದಲು ನೂಲುಗಳು ಜೋತವು. ಆಮೇಲೆ ಮೇನ್‌ಸೇಲ್ ಆ ಕಡೆ ಈ ಕಡೆ ತೂಗಾಡತೊಡಗಿತು. ನೀರಿನ ಮೇಲೆ ಎಣ್ಣೆ ಹರಡಿದ ಹಾಗೆ ಹೊಳಪು ಬಂತು. ಎಂಜಿನ್ ಹಾಕಿದರೆ ಒಂದು ಗಂಟೆ ಉಳಿಯುತ್ತದೆ. ಯಾರೂ ಆ ಮಾತೆತ್ತಲಿಲ್ಲ. ಕ್ಯಾಪ್ಟನ್ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡು, “ಬಾಯ್, ಹನ್ನೆರಡೂವರೆಗೆ ಬರುತ್ತದೆ, ನೋಡ್ತಾ ಇರು” ಅಂತ ಹೇಳಿ ಒರಗಿದರು.

ಗಾಳಿಯಿಲ್ಲದ ಆ ಎರಡು ಗಂಟೆ ಇಡೀ ದಿನದಲ್ಲಿ ನನಗೆ ತುಂಬಾ ಇಷ್ಟವಾದ ಹೊತ್ತು. ಬಿಸಿಲು ತಲೆಯ ಮೇಲೆ ಸುಡುತ್ತಿತ್ತು, ನಿಜ. ಆದರೆ ದೋಣಿ ನಿಂತಾಗಲೇ ಕಡಲಿನಲ್ಲಿ ಏನೇನಿದೆ ಅಂತ ಕಾಣುವುದು. ಒಂದು ಕಡಲಹಾವು ದೋಣಿಯ ಪಕ್ಕದಲ್ಲೇ ತಲೆ ಎತ್ತಿ ಉಸಿರೆಳೆದುಕೊಂಡು ಮುಳುಗಿತು. ಅದರ ಬಾಲ ಚಪ್ಪಟೆ, ದೋಣಿಯ ಹುಟ್ಟಿನಂತೆಯೇ ನೀರು ತಳ್ಳಲು ಆದದ್ದು. ಸ್ವಲ್ಪ ದೂರದಲ್ಲಿ ಹಕ್ಕಿಗಳ ಹಿಂಡು ಗಲಾಟೆ ಮಾಡುತ್ತಾ ನೀರಿಗೆ ಎರಗುತ್ತಿತ್ತು. ಅಲ್ಲೇ ಒಂದು ಪರ್ಸೀನ್ ಬೋಟು ಬಂಗಡೆ ಗುಂಪನ್ನು ಸುತ್ತುತ್ತಾ ಬಲೆ ಬಿಡುತ್ತಿತ್ತು. ಸುತ್ತು ಮುಗಿಸಿ ಅಡಿಯ ಹಗ್ಗ ಎಳೆದರೆ ಬಲೆ ಚೀಲದ ಬಾಯಿ ಕಟ್ಟಿದಂತೆ ಮುಚ್ಚಿಕೊಳ್ಳುತ್ತದೆ. ಕಾರವಾರದ ಕಡೆ ಹಿಂದೆ ರಂಪಣಿ ಬಲೆಯಿತ್ತು. ದೋಣಿಯಲ್ಲಿ ಹೋಗಿ ಮೀನಿನ ಗುಂಪನ್ನು ಬಳಸಿ, ಎರಡೂ ತುದಿಯ ಹಗ್ಗ ದಂಡೆಗೆ ತಂದು, ಊರಿನವರೆಲ್ಲ ಸೇರಿ ಎಳೆಯುವುದು. ಹಗ್ಗ ಹಿಡಿದವರಿಗೆಲ್ಲ ಪಾಲು. 1970ರ ದಶಕದ ಮೇಲೆ ಯಾಂತ್ರಿಕ ದೋಣಿಗಳು ಬಂದು ಅದು ಹೆಚ್ಚುಕಡಿಮೆ ಮುಗಿಯಿತು. ಪರ್ಸೀನ್ ಬೋಟಿನವರನ್ನು ದೂರಿ ಪ್ರಯೋಜನವಿಲ್ಲ. ಸಾಲ ಮಾಡಿ ಬೋಟು ಇಳಿಸಿದವರು ಮೀನು ಎಲ್ಲಿದೆಯೋ ಅಲ್ಲಿಗೆ ಹೋಗಲೇಬೇಕು. ಆದರೆ ಊರೆಲ್ಲ ಹಗ್ಗ ಹಿಡಿಯುತ್ತಿದ್ದ ಕೆಲಸ ಹೋಯಿತಲ್ಲ ಅನ್ನುವ ಸಂಕಟ ನನ್ನಲ್ಲಿ ಹಾಗೇ ಇದೆ.

ಬಲೆಯ ವಿಷಯದಲ್ಲಿ ಒಂದು ಮಾತು. ಹಾಯಿಯಲ್ಲಿ ಹೋಗುವ ದೋಣಿಗೆ ಎಂಜಿನ್ ದೋಣಿಗಳು ದಾರಿ ಬಿಡಬೇಕು ಅನ್ನುವುದು ಸಮುದ್ರದ ನಿಯಮ. ಆದರೆ ಮೀನು ಹಿಡಿಯುತ್ತಿರುವ ದೋಣಿಗೆ ಹಾಯಿದೋಣಿಯೂ ದಾರಿ ಬಿಡಬೇಕು. ಇದು ಸರಿಯಾದ ನಿಯಮ. ನಾವು ಖುಷಿಗೆ ಬಂದವರು, ಅವರು ಹೊಟ್ಟೆಪಾಡಿಗೆ ಬಂದವರು. ಒಂದು ಸಣ್ಣ ದೋಣಿಯಲ್ಲಿದ್ದ ಇಬ್ಬರು ಟವೆಲ್ ಬೀಸಿ ಪಶ್ಚಿಮದ ಕಡೆ ಕೈ ತೋರಿಸಿದರು. ನೋಡಿದರೆ ಬಿದಿರಿನ ಕೋಲಿಗೆ ಕಟ್ಟಿದ ಕಪ್ಪು ಬಾವುಟ, ಅಲ್ಲಿಂದ ದಂಡೆಯ ಕಡೆಗೆ ತೇಲುಬುರುಡೆಗಳ ಸಾಲು. ಎಂಜಿನ್ ಹಾಕಿ ಅದರ ಮೇಲೆ ಹೋಗಿದ್ದರೆ ಬಲೆ ಪ್ರೊಪೆಲರಿಗೆ ಸುತ್ತಿಕೊಂಡು ಅವರಿಗೂ ನಷ್ಟ, ನಮಗೂ ಅಪಾಯ. ಬಾವುಟದ ಹೊರಗಿನಿಂದ ಬರುತ್ತೇವೆ ಅಂತ ಕೈಯಲ್ಲೇ ತೋರಿಸಿದೆವು. ಅವರೂ ಕೈ ಎತ್ತಿದರು.

ಹನ್ನೆರಡೂ ಮುಕ್ಕಾಲಿಗೆ ಪಶ್ಚಿಮದ ದಿಗಂತದಲ್ಲಿ ಕಡುನೀಲಿ ಗೆರೆ ಕಂಡಿತು. ಗೆರೆ ದಪ್ಪವಾಗುತ್ತಾ ನಮ್ಮ ಕಡೆಗೆ ಬಂತು. ಅದು ಬೇರೇನಲ್ಲ, ಗಾಳಿ ಮುಟ್ಟಿದ ನೀರಿನ ಮೇಲೆ ಸಣ್ಣ ಸಣ್ಣ ಅಲೆಗಳೆದ್ದು ಬಣ್ಣ ಬದಲಾಗಿರುತ್ತದೆ. ಮೊದಲು ಕೆನ್ನೆಗೆ ತಂಪು ತಗುಲಿತು. ಆಮೇಲೆ ಹಾಯಿ ಇನ್ನೊಂದು ಮಗ್ಗುಲಿಗೆ ತುಂಬಿತು. ಬೆಳಿಗ್ಗೆಯಿಂದ ಬಲಕ್ಕೆ ವಾಲಿದ್ದ ದೋಣಿ ಈಗ ಎಡಕ್ಕೆ ವಾಲಿತು. ಒಲೆಯ ಮೇಲಿದ್ದ ಪಾತ್ರೆ, ಮೇಜಿನ ಮೇಲಿದ್ದ ಪೆನ್ಸಿಲ್ಲು ಎಲ್ಲ ಜಾಗ ಬದಲಿಸಿದವು. ಗೆಳೆಯ “ಬಂತು ಮಾರಾಯ್ತಿ, ಬಂತು!” ಅಂತ ಕೂಗಿ, ಹಗ್ಗ ಬಿಗಿಯುವ ರಾಟೆಯಾದ ವಿಂಚಿಗೆ ಹಗ್ಗ ಸುತ್ತಿದ. ಕ್ಯಾಪ್ಟನ್ ಟೋಪಿ ಸರಿಸಿ ಗಡಿಯಾರ ನೋಡಿದರು.

ಕಾಬೊ ದೆ ರಾಮದ ಬಂಡೆ ಎಡಗಡೆ ಎದ್ದು ನಿಂತಿತ್ತು. ಮರಳದಂಡೆ ಇಲ್ಲಿಗೆ ಮುಗಿಯುತ್ತದೆ. ಇಲ್ಲಿಂದ ತೆಂಕಿಗೆ ಗುಡ್ಡಗಳೇ ಕಡಲಿಗೆ ಇಳಿಯುತ್ತವೆ. ಬಂಡೆಯ ಮೇಲಿನ ಕೋಟೆ 1763ರವರೆಗೆ ಸೋದೆಯ ಅರಸರದ್ದು. ನಮ್ಮ ಶಿರಸಿ ತಾಲೂಕಿನ ಸೋದೆ. ಕಾಳಿಯ ಅಳಿವೆಯ ಮೇಲಿನ ಸದಾಶಿವಗಡವೂ ಅವರೇ ಕಟ್ಟಿದ್ದು. ಅಡಿಕೆ ಮೆಣಸಿನ ನಾಡಿನ ಅರಸರಿಗೆ ಇಷ್ಟು ದೂರದ ಕಡಲಬಂಡೆಗಳು ಯಾಕೆ ಬೇಕಿತ್ತು ಅಂತ ರಸ್ತೆಯಲ್ಲಿ ಹೋಗುವವರಿಗೆ ಅನಿಸಬಹುದು. ನೀರಿನ ಮೇಲಿದ್ದರೆ ಗೊತ್ತಾಗುತ್ತದೆ. ಮೆಣಸು ಘಟ್ಟ ಇಳಿದು, ಹೊಳೆ ಇಳಿದು, ಹಡಗು ಹತ್ತಬೇಕು. ಹಡಗು ಎರಡು ಗಾಳಿ ಹಿಡಿದು ಒಂದು ಹಗಲಿನಲ್ಲಿ ಮುಂದಿನ ಅಳಿವೆ ಸೇರಬೇಕು. ಮಾಂಡೋವಿ, ಝುವಾರಿ, ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಯಾವ ಅಳಿವೆಯಿಂದ ಹೊರಟರೂ ಸಂಜೆಯೊಳಗೆ ಇನ್ನೊಂದು ಸಿಗುತ್ತದೆ. ನಡುವೆ ದೂರಕ್ಕೆ ಕಾಣುವ ಒಂದು ಮೂಗುಬಂಡೆ ಇದ್ದರೆ ಅದರ ಮೇಲೊಂದು ಕೋಟೆ. ನಮ್ಮ ಕರಾವಳಿಯ ಊರುಗಳನ್ನು ಹೀಗೆ ಹರಡಿದ್ದು ಗಾಳಿಯೇ ಅಂತ ನಾನು ನಂಬುತ್ತೇನೆ.

ಮಧ್ಯಾಹ್ನದ ಓಟದ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಅಷ್ಟು ಚೆನ್ನಾಗಿತ್ತು. ಗಾಳಿ ವಾಯವ್ಯಕ್ಕೆ ತಿರುಗಿ ಬಲ ಬೆನ್ನ ಕಡೆಯಿಂದ ತಳ್ಳುತ್ತಿತ್ತು. ಜಿಪಿಎಸ್‌ನಲ್ಲಿ ಆರು ಕಂಡಿತು. ಅಗೊಂಡ, ಪಾಲೋಳೆ, ಆಮೆಗಳು ಮೊಟ್ಟೆ ಇಡಲು ಬರುವ ಗಾಲ್ಜಿಬಾಗ್, ಪೋಳೆ, ಒಂದೊಂದಾಗಿ ಹಿಂದಕ್ಕೆ ಸರಿದವು. ಮಾಜಾಳಿಯ ಹತ್ತಿರ ಎಳ್ಳಿನ ಬಣ್ಣದ ಮರಳಿನ ತೀಳ್ಮಾತಿ ದಂಡೆ ಕಂಡಾಗ ಕರ್ನಾಟಕಕ್ಕೆ ಬಂದೆವು ಅಂತ ಆಯಿತು. ಇಲ್ಲಿಂದ ತೆಂಕಿಗೆ ಸುಮಾರು 320 ಕಿಲೋಮೀಟರ್ ನಮ್ಮದೇ ಕಡಲು. ಇಷ್ಟು ಉದ್ದದ ದಂಡೆಯಲ್ಲಿ ಸುಮ್ನೆ ಹಾಯಿ ಬಿಚ್ಚಿ ಹೋಗುವ ಕನ್ನಡಿಗರು ಎಷ್ಟು ಜನ ಇದ್ದೇವೆ? ಪಕ್ಕದ ಗೋವಾದಲ್ಲಿ ಕಟ್ಟಿದ ಐಎನ್‌ಎಸ್‌ವಿ ಮಾದೇಯಿ ಅನ್ನುವ ಹಾಯಿಹಡಗಿನಲ್ಲಿ ದಿಲೀಪ್ ದೊಂಡೆ, ಆಮೇಲೆ ಅಭಿಲಾಷ್ ಟೋಮಿ ಒಬ್ಬೊಬ್ಬರೇ ಭೂಮಿ ಸುತ್ತಿ ಬಂದರು. 2017-18ರಲ್ಲಿ ‘ತಾರಿಣಿ’ಯಲ್ಲಿ ಆರು ಜನ ನೌಕಾಪಡೆಯ ಹೆಣ್ಣುಮಕ್ಕಳು ಸುತ್ತಿದರು. ಅದೂ ಗೋವಾದಲ್ಲೇ ಕಟ್ಟಿದ್ದು. ಮಾದೇಯಿ ಅಂದರೆ ಬೆಳಿಗ್ಗೆ ನಮ್ಮನ್ನು ತಳ್ಳಿ ಕಳಿಸಿದ ಅದೇ ಹೊಳೆ. ಅದು ಹುಟ್ಟುವ ನಾಡಿನ ಕಾಲೇಜುಗಳಲ್ಲಿ ಟ್ರೆಕ್ಕಿಂಗ್ ಕ್ಲಬ್ಬುಗಳಿವೆ, ಹಾಯಿದೋಣಿ ಕಲಿಸುವ ಒಂದು ಜಾಗ ಹುಡುಕಲು ಎಷ್ಟು ಪರದಾಡಬೇಕು. ಇದು ಬದಲಾಗಬೇಕು ಅಂತ ನನಗೆ ಮನಸಾರೆ ಆಸೆಯಿದೆ.

ನಾಲ್ಕರ ಹೊತ್ತಿಗೆ ರೇಡಿಯೋದ 16ನೇ ಚಾನೆಲ್ಲಿನಲ್ಲಿ ನಮ್ಮನ್ನು ಕರೆದರು. ದೋಣಿಯ ಹೆಸರೇನು, ಎಲ್ಲಿಂದ, ಎಲ್ಲಿಗೆ, ಎಷ್ಟು ಜನ. ಕಾರವಾರದ ತೆಂಕಿಗೆ ನೌಕಾಪಡೆಯ ದೊಡ್ಡ ನೆಲೆಯಿದೆ. 2005ರಲ್ಲಿ ಶುರುವಾದ ಐಎನ್‌ಎಸ್ ಕದಂಬ. ಹಾಗಾಗಿ ಇಲ್ಲಿ ಹೇಳದೆ ಕೇಳದೆ ಓಡಾಡುವ ಹಾಗಿಲ್ಲ. ಆ ನೆಲೆಗೆ ಜಾಗ ಬಿಟ್ಟುಕೊಟ್ಟು ಸಾವಿರಾರು ಕುಟುಂಬಗಳು ಕಡಲು ಬಿಟ್ಟು ಒಳನಾಡಿಗೆ ಹೋದವು. ಅವರಲ್ಲಿ ನನ್ನ ನೆಂಟರೂ ಇದ್ದಾರೆ. ಪರಿಹಾರಕ್ಕೆ ಕೋರ್ಟು ಅಲೆದವರ ಕಥೆ ಕೇಳಿಯೇ ನಾನು ಬೆಳೆದೆ.

ದೂರದಲ್ಲಿ ಅಂಜುದೀವು ದ್ವೀಪ ಮಂಜಿನಲ್ಲಿ ಕಂಡಿತು. ಅದೂ ಈಗ ನೌಕಾಪಡೆಯ ಕೈಯಲ್ಲಿದೆ, ಹತ್ತಿರ ಹೋಗುವಂತಿಲ್ಲ. ಕಾರವಾರದ ಮಗ್ಗುಲಲ್ಲೇ ಇದ್ದರೂ ಆಡಳಿತಕ್ಕೆ ಅದು ಗೋವಾದ್ದು. 1498ರಲ್ಲಿ ವಾಸ್ಕೊ ಡ ಗಾಮ ಊರಿಗೆ ಮರಳುವ ಮುಂಚೆ ಅಲ್ಲಿ ತಂಗಿದ್ದ. 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದರು. 1660ರ ದಶಕದಲ್ಲಿ ಮುಂಬೈಯನ್ನು ವಶಕ್ಕೆ ಪಡೆಯಲು ಬಂದ ಇಂಗ್ಲಿಷ್ ಸೈನಿಕರು ಅಲ್ಲಿ ಕಾಯುತ್ತಾ ನೂರಾರು ಜನ ಕಾಯಿಲೆ ಬಿದ್ದು ಸತ್ತರು. 1961ರ ಡಿಸೆಂಬರಿನಲ್ಲಿ ಭಾರತದ ನಾವಿಕರು ಗುಂಡೇಟು ತಿಂದು ಅದನ್ನು ಬಿಡಿಸಿಕೊಂಡರು. ಅಷ್ಟು ಸಣ್ಣ ದ್ವೀಪಕ್ಕೆ ಇಷ್ಟೆಲ್ಲ ಜನ ಯಾಕೆ ಬಂದರು? ಅದರ ಮರೆಯಲ್ಲಿ ಲಂಗರು ಹಾಕಿದರೆ ವಾಯವ್ಯದ ಗಾಳಿ ತಗುಲುವುದಿಲ್ಲ, ಅದಕ್ಕೇ.

ನಾವು ಎಡಕ್ಕೆ ತಿರುಗಿ ಕೊಲ್ಲಿಯೊಳಗೆ ಬಂದೆವು. ಬಲಗಡೆ ದೀಪಸ್ತಂಭದ ದೇವಗಡ ದ್ವೀಪ, ಎಡಗಡೆ ಕೂರ್ಮಗಡ. ಕೂರ್ಮಗಡದ ನರಸಿಂಹ ದೇವರಿಗೆ ಪುಷ್ಯ ಹುಣ್ಣಿಮೆಯಲ್ಲಿ ಜಾತ್ರೆ. ಊರಿನ ದೋಣಿಗಳೆಲ್ಲ ಸಿಂಗಾರಗೊಂಡು ಜನರನ್ನು ಹೊತ್ತು ಹೋಗುತ್ತವೆ. 2019ರ ಜಾತ್ರೆಯ ದಿನ, ಜನವರಿ 21ರಂದು, ವಾಪಸು ಬರುತ್ತಿದ್ದ ಒಂದು ದೋಣಿ ಮಗುಚಿ 16 ಜನ ತೀರಿಕೊಂಡರು. ದೋಣಿಯಲ್ಲಿ ಹಿಡಿಸುವುದಕ್ಕಿಂತ ಜಾಸ್ತಿ ಜನ ಇದ್ದರು. ಆ ನೀರನ್ನು ದಾಟುವಾಗ ನಾವು ಮೂವರೂ ಲೈಫ್ ಜಾಕೆಟ್ ಬಿಗಿ ಮಾಡಿಕೊಂಡೆವು. ಬೆಳಿಗ್ಗೆಯಿಂದ ತೊಟ್ಟೇ ಇದ್ದೆವು. ಆದರೂ ಕೈ ತಾನಾಗಿ ಪಟ್ಟಿಗೆ ಹೋಯಿತು. ಸ್ವಲ್ಪ ಮುಂದೆ, ಕಾಳಿಯ ಬಾಯಲ್ಲಿ, ಬೆನ್ನಿಗೆ ಗೂನಿರುವ ಡಾಲ್ಫಿನ್‌ಗಳು ಎದ್ದು ಮುಳುಗುತ್ತಿದ್ದವು. ಇವು ಹಾರಿ ಆಟ ತೋರಿಸುವ ಜಾತಿಯಲ್ಲ. ಹೊಳೆಯ ಕಂದುನೀರು ಕಡಲಿಗೆ ಸೇರುವ ಕಡೆ ಮೀನು ಹುಡುಕಿಕೊಂಡು ನಿಧಾನಕ್ಕೆ ತಿರುಗುತ್ತವೆ.

ಐದೂವರೆಗೆ ಹಾಯಿ ಇಳಿಸಿ, ಬೈತಖೋಲ್ ಗುಡ್ಡದ ಮರೆಯಲ್ಲಿ ಬಂದರಿನವರು ಹೇಳಿದ ಜಾಗಕ್ಕೆ ಬಂದೆವು. ಆಗ ಇಳಿತ ಮುಗಿಯುತ್ತಾ ಬಂದಿತ್ತು. ಆಳ ಅಳೆಯಲು ಇದು ಒಳ್ಳೆಯ ಹೊತ್ತು, ನೀರು ಇದಕ್ಕಿಂತ ತೀರಾ ಕೆಳಗೆ ಇಳಿಯುವುದಿಲ್ಲ. ಆದರೆ ಸರಪಳಿ ಬಿಡುವಾಗ ರಾತ್ರಿ ಏರುವ ಎರಡು ಮೀಟರ್ ಉಬ್ಬರವನ್ನೂ ಸೇರಿಸಿ ಲೆಕ್ಕ ಹಾಕಬೇಕು. ಲಂಗರು ಬಿಟ್ಟು, ಎಂಜಿನ್ ಹಿಂದಕ್ಕೆ ಹಾಕಿ, ಅದು ಕೆಸರಿನಲ್ಲಿ ಹೂತು ಹಿಡಿದದ್ದು ಖಾತ್ರಿ ಮಾಡಿಕೊಂಡೆವು. 2025ರ ಮೇ ತಿಂಗಳಲ್ಲಿ ಇದೇ ಕಾರವಾರದಲ್ಲಿ ನೌಕಾಪಡೆ ಕೌಂಡಿನ್ಯ ಅನ್ನುವ ಹಡಗನ್ನು ತನ್ನ ಪಡೆಗೆ ಸೇರಿಸಿಕೊಂಡಿತು. ಅಜಂತಾದ ಚಿತ್ರ ನೋಡಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ್ದು. ಅದರ ಹಾಯಿಯ ಮೇಲೆ ಗಂಡಭೇರುಂಡ ಬಿಡಿಸಿದ್ದಾರೆ. ಅದನ್ನು ಕಟ್ಟಿದ್ದೂ ಗೋವಾದಲ್ಲೇ.

ರಬ್ಬರ್ ದೋಣಿಯಲ್ಲಿ ಬೋಟುಗಳು ನಿಲ್ಲುವ ಧಕ್ಕೆಗೆ ಬಂದಾಗ ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು ನಮ್ಮನ್ನೇ ನೋಡುತ್ತಿದ್ದರು. “ಎಲ್ಲಿಂದ ತಂಗಿ?” ಅಂದರು. ಪಣಜಿಯಿಂದ ಅಂದೆ. “ಡೀಸೆಲ್ ಎಷ್ಟು ಹೋಯ್ತು?” ಹೊರಡುವಾಗ ಸ್ವಲ್ಪ, ಈಗ ಸ್ವಲ್ಪ, ಎರಡೂ ಸೇರಿ ಐದಾರು ಲೀಟರ್ ಇರಬಹುದು ಅಂದೆ. ಅವರು ಬಲೆ ಕೆಳಗಿಟ್ಟು ಎದ್ದು ಬಂದರು. ಹುಡುಗನಾಗಿದ್ದಾಗ ಅವರ ಅಪ್ಪನ ಜೊತೆ ಹಾಯಿಯಲ್ಲೇ ಕಡಲಿಗೆ ಹೋಗುತ್ತಿದ್ದರಂತೆ. ಹಾಯಿ ಬಟ್ಟೆ ಯಾವುದು, ಗಾಳಿ ಜೋರಾದರೆ ಹೇಗೆ ಚಿಕ್ಕದು ಮಾಡುತ್ತೀರಿ, ಚುಕ್ಕಾಣಿ ಭಾರವೇ ಹಗುರವೇ, ಒಂದೊಂದಾಗಿ ಕೇಳಿದರು. ನೋಡಬೇಕು ಅಂದರು. ಕ್ಯಾಪ್ಟನ್ ಅವರನ್ನು ದೋಣಿಗೆ ಕರೆತಂದರು. ಅವರು ಜೆನೋವಾದ ಹಗ್ಗ ಕೈಗೆ ತೆಗೆದುಕೊಂಡು, ಎಳೆದು ನೋಡಿ, ವಿಂಚಿನ ಸುತ್ತು ಬಿಚ್ಚಿ ಮತ್ತೆ ಸುತ್ತಿದರು.

ನಾಳೆ ಅಘನಾಶಿನಿಯ ಬಾಯಲ್ಲಿರುವ ತದಡಿಗೆ ಹೋಗಬೇಕು ಅಂತಿದ್ದೇವೆ ಅಣ್ಣ, ಮೂಡುಗಾಳಿ ಇಲ್ಲಿ ಎಷ್ಟೊತ್ತಿಗೆ ಬರುತ್ತದೆ ಅಂತ ಕೇಳಿದೆ. “ಗುಡ್ಡ ಹತ್ರ ಅಲ್ವಾ, ಇಲ್ಲಿ ಬೇಗ ಬರ್ತದೆ. ಹೊಳೆ ಬಾಯಲ್ಲಿ ಒಮ್ಮೊಮ್ಮೆ ದಬ್ಬತದೆ, ಹಾಯಿ ಪೂರ್ತಿ ಬಿಚ್ಚಬೇಡಿ. ನಾಕು ಗಂಟೆಗೆ ಎದ್ದುಬಿಡಿ. ತದಡಿ ಅಳಿವೆಗೆ ಮಾತ್ರ ಇಳಿತದಲ್ಲಿ ಹೋಗಬೇಡಿ, ನೀರು ಏರೋವರೆಗೆ ಹೊರಗೇ ನಿಲ್ಲಿ” ಅಂದರು. ಕ್ಯಾಪ್ಟನ್ ಉಬ್ಬರದ ಪಟ್ಟಿ ತೆರೆದರು. ಗೆಳೆಯ ಚಹಾಕ್ಕೆ ನೀರಿಟ್ಟ.